ಹತ್ತು ಜನರಿಲ್ಲದಿದ್ದರೆ ಲೆಕ್ಕಕ್ಕಿಲ್ಲ

ನಾನಿರುವ ಅಮೆರಿಕದ ಮಿನ್ನೆಸೋಟಾದಲ್ಲಿ ರಾಜ್ಯದ ಶಾಸನಸಭೆಗೆ ನಿಂತವರು ಮನೆಮನೆಗೆ ಬರುತ್ತಾರೆ. ಹಾರ ತುರಾಯಿಯಿಲ್ಲ, ಹಿಂದೆ ಜೈಕಾರ ಹಾಕುವ ಹುಡುಗರಿಲ್ಲ. ಕೈಯಲ್ಲೊಂದು ಕರಪತ್ರ, ಅದರಲ್ಲಿ ದುಡಿಯುವ ಕುಟುಂಬಗಳಿಗಾಗಿ ತಾವು ಮಾಡಬೇಕೆಂದಿರುವ ನಾಲ್ಕೈದು ಕೆಲಸಗಳು: ಸಂಬಳ ಸಹಿತ ರಜೆ, ಶಿಶುಪಾಲನಾ ಕೇಂದ್ರಗಳ ಶುಲ್ಕ, ಮನೆ ಬಾಡಿಗೆ, ಶಾಲೆ. ನನಗೆ ಇಲ್ಲಿ ಮತವಿಲ್ಲ ಎಂದರೂ ನಿಂತು ಮಾತಾಡುತ್ತಾರೆ. ನನ್ನೂರು ಬಳ್ಳಾರಿಯಲ್ಲಿ ಮತ ಹಾಕಬೇಕೆಂದರೆ ನಾನು ಖುದ್ದಾಗಿ ಮತಗಟ್ಟೆಗೆ ಬರಬೇಕು. ಹೀಗೆ ಎರಡೂ ಕಡೆ ನಾನು ಬರೀ ಕೇಳುಗ.

ಮನೆ ಬಾಗಿಲಿಗೆ ಬರುವುದನ್ನೇ ದೊಡ್ಡ ಗುಣವೆಂದು ನಾನು ಹೊಗಳುವುದಿಲ್ಲ. ಇಲ್ಲಿನ ಕೆಳಮನೆಗೆ 134 ಸದಸ್ಯರು, ಒಬ್ಬರ ಪಾಲಿಗೆ ಸುಮಾರು 42 ಸಾವಿರ ಜನ. ಕರ್ನಾಟಕದ 224 ಶಾಸಕರಲ್ಲಿ ಒಬ್ಬೊಬ್ಬರ ಪಾಲಿಗೆ 2011ರ ಜನಗಣತಿಯ ಲೆಕ್ಕದಲ್ಲೇ 2.7 ಲಕ್ಷ. ನಮ್ಮ ಅಭ್ಯರ್ಥಿ ತೆರೆದ ವಾಹನದ ಮೇಲಿನಿಂದ ಕೈಮುಗಿದು ಸಾಗುವುದಕ್ಕೆ ಅವರ ದೌಲತ್ತೊಂದೇ ಕಾರಣವಲ್ಲ. ನನ್ನ ಹೊಟ್ಟೆಕಿಚ್ಚೆಲ್ಲ ಆ ಕರಪತ್ರದ ಮೊದಲ ಸಾಲಿನ ಮೇಲೆ, ಸಂಬಳ ಸಹಿತ ರಜೆಯ ಮೇಲೆ.

ಅಮೆರಿಕದ ಕೇಂದ್ರ ಸರ್ಕಾರ 1993ರಲ್ಲಿ ಮಾಡಿದ ರಜೆಯ ಕಾನೂನು ಹೆರಿಗೆಗೆ, ಕಾಯಿಲೆಗೆ 12 ವಾರ ಕೊಡುತ್ತದೆ, ಆದರೆ ಸಂಬಳವಿಲ್ಲದೆ. ಅದೂ ಖಾಸಗಿ ಕಂಪನಿಯಾದರೆ 50 ಜನ ಕೆಲಸಗಾರರು ಇರಬೇಕು. ಸಣ್ಣ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನಿಗೆ ಅದು ಇದ್ದೂ ಇಲ್ಲದ ಕಾನೂನು. 2023ರಲ್ಲಿ ಮಿನ್ನೆಸೋಟಾದ ಶಾಸನಸಭೆ ತನ್ನದೇ ಕಾನೂನು ಮಾಡಿತು, 2026ರ ಜನವರಿ 1ರಿಂದ ಹಣ ಕೊಡುವುದು ಶುರು. ಸಂಬಳದ ಶೇ 0.88ರಷ್ಟು ಒಂದು ನಿಧಿಗೆ ಹೋಗುತ್ತದೆ, ಅದರಲ್ಲಿ ಕನಿಷ್ಠ ಅರ್ಧ ಮಾಲೀಕನದು. ಕಡಿಮೆ ಸಂಬಳದವರಿಗೆ ರಜೆಯಲ್ಲಿ ಸಂಬಳದ ಶೇ 90ರವರೆಗೂ ಸಿಗುತ್ತದೆ. ಒಬ್ಬನೇ ಕೆಲಸಗಾರ ಇರುವ ಅಂಗಡಿಗೂ ಇದು ಅನ್ವಯ. ಕೇಂದ್ರದ ಬಲೆಯಲ್ಲಿದ್ದ ತೂತನ್ನು ರಾಜ್ಯ ಹೊಲಿದದ್ದು ಹೀಗೆ.

ಈಗ ನಮ್ಮ ಬಳ್ಳಾರಿಗೆ ಬನ್ನಿ. ಕಾನೂನಿನಲ್ಲಿ ನಾವು ಇವರಿಗಿಂತ ಬಹಳ ಮುಂದೆ. ಕಾಯಿಲೆ ಬಿದ್ದ ಕಾರ್ಮಿಕರಿಗೆ ಚಿಕಿತ್ಸೆ, ಹಣ ಕೊಡುವ ಇ.ಎಸ್.ಐ. ವಿಮೆಯ ಕಾಯ್ದೆ ಬಂದದ್ದು 1948ರಲ್ಲಿ, ಹೆರಿಗೆ ಸೌಲಭ್ಯದ ಕಾಯ್ದೆ 1961ರಲ್ಲಿ. 2017ರಿಂದ ಹೆರಿಗೆ ರಜೆ 26 ವಾರ, ಸಂಬಳ ಸಹಿತ. ಇಲ್ಲಿನ ಸಹೋದ್ಯೋಗಿಗಳಿಗೆ ಹೇಳಿದರೆ ನಂಬುವುದೇ ಇಲ್ಲ. ಶಾಲೆಯ ಬಿಸಿಯೂಟದಲ್ಲೂ ಅಷ್ಟೇ: 2002ರಲ್ಲಿ ಅಕ್ಷರ ದಾಸೋಹ ಮೊದಲು ಬಂದ ಜಿಲ್ಲೆಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಇದ್ದವು. ಮಿನ್ನೆಸೋಟಾ ಎಲ್ಲ ಶಾಲಾ ಮಕ್ಕಳಿಗೂ ಉಚಿತ ಊಟ ಕೊಟ್ಟದ್ದು 2023ರಲ್ಲಿ. ಇಲ್ಲಿ ಅದನ್ನು ಹೊಸ ಶೋಧನೆಯಂತೆ ಬಣ್ಣಿಸುವಾಗ ನನಗೆ ಒಳಗೊಳಗೇ ನಗು.

ಆದರೆ ಇ.ಎಸ್.ಐ. ಕಡ್ಡಾಯವಾಗುವುದು ಹತ್ತು ಜನ ಇದ್ದರೆ, 26 ವಾರದ ರಜೆಗೂ ಅದೇ ಗೆರೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಹೆಚ್ಚಾಗಿ ನಡೆಯುವುದು ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ. ಕತ್ತರಿಸುವುದು ಒಂದು ಕಡೆ, ಹೊಲಿಯುವುದು ಇನ್ನೊಂದು ಕಡೆ, ಕಾಜಾ ಬಟನ್ ಮತ್ತೆಲ್ಲೋ, ಕೊನೆಗೆ ವಾಷಿಂಗ್. ಕೌಲ್‌ಬಜಾರಿನಲ್ಲಿರುವ ನನ್ನ ಚಿಕ್ಕಮ್ಮನ ಪಡಸಾಲೆಯಲ್ಲಿ ಇರುವುದು ಎರಡು ಮಷಿನ್. ಬಂಡಲ್ ಬರುತ್ತದೆ, ಹೊಲಿದು ಕಳಿಸುತ್ತಾರೆ, ಪೀಸಿನ ಲೆಕ್ಕದಲ್ಲಿ ವಾರಕ್ಕೊಮ್ಮೆ ಬಟವಾಡೆ. ಜ್ವರ ಬಂದರೆ ಆ ವಾರ ಪೀಸಿಲ್ಲ, ಪೀಸಿಲ್ಲದಿದ್ದರೆ ದುಡ್ಡಿಲ್ಲ. ಅವರ ಮಾಲೀಕ ಯಾರೆಂದು ಕೇಳಿದರೆ ಬಂಡಲ್ ತರುವ ಹುಡುಗನ ಹೆಸರು ಹೇಳುತ್ತಾರೆ. ಅವನ ಹಿಂದಿರುವ ವ್ಯಾಪಾರಿಯನ್ನು ಅವರು ನೋಡಿಯೇ ಇಲ್ಲ.

ಗ್ಯಾರಂಟಿಗಳನ್ನು ಬಿಟ್ಟಿ ಎಂದು ಹೀಗಳೆಯುವ ಹೊರನಾಡಿನವರ ಸಾಲಿನಲ್ಲಿ ನಾನಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬಂದ ತಿಂಗಳು ಚಿಕ್ಕಮ್ಮನ ಫೋನಿನ ದನಿಯೇ ಬೇರೆ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಮಗಳ ಊರಿಗೆ ಹೋಗಿ ಬರುತ್ತಾರೆ. ಇಂಥದೊಂದು ಬಸ್ಸು ಇಲ್ಲಿನ ಯಾವ ಕರಪತ್ರದಲ್ಲೂ ನನಗೆ ಕಂಡಿಲ್ಲ. ಆದರೆ ಇವೆಲ್ಲ ಅವರಿಗೆ ಸಿಕ್ಕಿದ್ದು ಮನೆಯ ಯಜಮಾನಿ ಎಂದು, ಹೆಂಗಸು ಎಂದು. ದಿನವೆಲ್ಲ ಬೆನ್ನು ಬಗ್ಗಿಸಿ ಹೊಲಿಯುವ ಕೆಲಸಗಾರ್ತಿ ಎಂದು ಅವರಿಗೆ ಯಾವ ಸರ್ಕಾರದಿಂದಲೂ ಏನೂ ಬಂದಿಲ್ಲ. 2023ರ ಪ್ರಚಾರದಲ್ಲಿ ಬಳ್ಳಾರಿಗೆ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಭರವಸೆ ಬಂತು. ಪಾರ್ಕ್ ಬರಲಿ, ಬೇಡ ಎನ್ನುವವರು ಯಾರು? ಪೀಸ್ ರೇಟಿನ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ.

ಕಾರ್ಮಿಕರ ವಿಷಯ ಕೇಂದ್ರದ್ದು, ಶಾಸಕರು ಏನು ಮಾಡಿಯಾರು ಎಂಬ ಸಬೂಬು ನಡೆಯುವುದಿಲ್ಲ. ಅದು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. 2025ರಲ್ಲಿ ಕರ್ನಾಟಕದ ಇದೇ ವಿಧಾನಸಭೆ ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಮಾಡಿತು: ಪ್ರತಿ ಆರ್ಡರಿನಲ್ಲಿ ಕೆಲಸಗಾರನಿಗೆ ಸಿಗುವ ಹಣದ ಮೇಲೆ ಶೇ 1ರಿಂದ 5ರಷ್ಟನ್ನು ಕಂಪನಿಯಿಂದ ಪಡೆದು ಕಲ್ಯಾಣ ನಿಧಿ. ಕಟ್ಟಡ ಕಾರ್ಮಿಕರಿಗಾಗಿ ಸೆಸ್ ಕಾನೂನು 1996ರಲ್ಲೇ ಬಂತು. ಬೆಂಗಳೂರಿನಲ್ಲಿ ಊಟ ತಲುಪಿಸುವ ಹುಡುಗನಿಗೆ ಆಗುವುದು ಬಳ್ಳಾರಿಯಲ್ಲಿ ಪ್ಯಾಂಟು ಹೊಲಿಯುವ ಹೆಂಗಸಿಗೆ ಯಾಕೆ ಆಗಬಾರದು? ಪೀಸಿಗೆ ಇಷ್ಟು ಎಂದು ಒಂದು ನಿಧಿ, ಅದರಿಂದ ಹೆರಿಗೆಗೆ, ಕಾಯಿಲೆಗೆ ಕೆಲವು ವಾರಗಳ ಹಣ. ಹಳ್ಳಿಗಳಲ್ಲಿ ನರೇಗಾ ಕೂಲಿಯವರ ಮಕ್ಕಳಿಗೆ ತೆರೆದ ‘ಕೂಸಿನ ಮನೆ’ಯಂಥ ಶಿಶುಪಾಲನಾ ಕೇಂದ್ರ ಕೌಲ್‌ಬಜಾರಿನ ಓಣಿಗಳಲ್ಲೂ ಬೇಕು. ಸೂಜಿ, ಕತ್ತರಿ, ಮೋಟಾರಿನ ನಡುವೆ ಕೂಸು ಅಂಬೆಗಾಲಿಡುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಮಾಲೀಕರ ತಕರಾರು ಏನೆಂದು ಗೊತ್ತು: ಉಲ್ಲಾಸನಗರ, ಅಹಮದಾಬಾದಿನ ಎದುರು ಪೈಪೋಟಿ, ಪೀಸಿಗೆ ಒಂದು ರೂಪಾಯಿ ಹೆಚ್ಚಾದರೂ ಗಿರಾಕಿ ಹೋಗುತ್ತಾನೆ. ಇದರಲ್ಲಿ ಸುಳ್ಳಿಲ್ಲ. ನಾಲ್ಕು ಮಷಿನ್ ಇಟ್ಟುಕೊಂಡವನು ತಾನೂ ಟೈಲರೇ, ಅವನ ಮೇಲೆ ಹೊರೆ ಹಾಕಿದರೆ ಮೊದಲು ಬಾಗಿಲು ಹಾಕುವವನು ಅವನೇ. ಆದ್ದರಿಂದ ವಸೂಲಿ ಸಗಟು ಬಿಲ್ಲಿನಲ್ಲಿ ಆಗಬೇಕು, ಜಿ.ಎಸ್.ಟಿ. ಕಟ್ಟುವ ಹಂತದಲ್ಲಿ. ಮೊದಲ ಕೆಲವು ವರ್ಷ ಅರ್ಧ ಪಾಲು ಸರ್ಕಾರ ಹಾಕಲಿ. ಕಷ್ಟವಿರುವುದು ಇನ್ನೊಂದರಲ್ಲಿ: ಹೊಲಿಯುವವರ ಪಟ್ಟಿ ಯಾರ ಬಳಿ ಇದೆ? ಚಿಕ್ಕಮ್ಮನ ಬಳಿ ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡೂ ಇಲ್ಲ. ವಾರ್ಡುವಾರು ಮತದಾರರ ಪಟ್ಟಿ ಹಿಡಿದು ತಿರುಗುವ ಕಾರ್ಯಕರ್ತರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. 2028ರ ವಿಧಾನಸಭೆ ಚುನಾವಣೆಗೆ ಟಿಕೆಟ್ ಬಯಸುವವರು ಅವರನ್ನು ಈಗಲೇ ಮನೆಮನೆಗೆ ಕಳಿಸಿ, ಎಷ್ಟು ಮಷಿನ್, ಯಾರ ಬಂಡಲ್, ಪೀಸಿಗೆ ಎಷ್ಟು ಎಂದು ಬರೆಸಿಕೊಳ್ಳಲಿ.