ಪಂಚೆ ನುಂಗಿದ ಬೋಟು

ನಾನು ಮಂಡ್ಯ ಕಡೆಯವನು. ನನ್ನ ಮಟ್ಟಿಗೆ ನಾಲೆ ಅಂದರೆ ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ. ಅದರಲ್ಲಿ ಈಜಬಹುದು, ಎಮ್ಮೆ ತೊಳೆಯಬಹುದು, ನೀರಿನ ಸರದಿಗೆ ಜಗಳ ಆಡಬಹುದು. ಬೋಟು ಓಡಿಸಬಹುದು ಅಂತ ಯಾರೂ ಹೇಳಿರಲಿಲ್ಲ. ಮ್ಯಾಂಚೆಸ್ಟರಿಗೆ ಬಂದು ಹತ್ತು ವರ್ಷವಾದ ಮೇಲೆ, "ಮಗಳ ಬೇಸಿಗೆ ರಜೆಗೆ ಐದು ದಿನ ಕಾಲುವೆ ಬೋಟಿನಲ್ಲಿ ಇರೋಣ" ಅಂತ ಹೆಂಡತಿ ಹೇಳಿದಾಗ ಒಪ್ಪಿಕೊಂಡಿದ್ದು ಒಂದೇ ಒಂದು ಧೈರ್ಯದ ಮೇಲೆ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ಅಷ್ಟು ನಿಧಾನಕ್ಕೆ ಹೋಗುವ ವಸ್ತು ಎಷ್ಟು ಅನಾಹುತ ಮಾಡೀತು?

ಊರಿಂದ ಅಪ್ಪ ಬಂದಿದ್ದ. ಅವನನ್ನೂ ಹತ್ತಿಸಿಕೊಂಡೆವು.

ಹೊರಟಿದ್ದು ಎಲ್ಸ್‌ಮಿಯರ್ ಅನ್ನುವ ಊರಿನಿಂದ. ಅಲ್ಲಿಂದ ವೇಲ್ಸ್ ಗಡಿ ದಾಟಿ ಲ್ಯಾಂಗೋಲೆನ್‌ಗೆ ಹೋಗಿ ವಾಪಸ್ ಬರುವುದು. ಬೋಟನ್ನು ನೋಡಿದ ಕೂಡಲೇ ನನ್ನ ಧೈರ್ಯ ಅರ್ಧ ಇಳಿಯಿತು. ನ್ಯಾರೋಬೋಟ್ ಹೆಸರಿಗೆ ತಕ್ಕ ಹಾಗೆ ಸಪೂರ. ಅಗಲ 6 ಅಡಿ 10 ಇಂಚು, ಯಾಕೆಂದರೆ ಇಲ್ಲಿನ ಹಳೆಯ ಲಾಕ್‌ಗಳ, ಅಂದರೆ ನೀರು ತುಂಬಿಸಿ ಇಳಿಸಿ ಬೋಟನ್ನು ಏರಿಸಿಳಿಸುವ ಗೇಟಿನ ತೊಟ್ಟಿಗಳ, ಅಗಲವೇ ಏಳು ಅಡಿ. ಆದರೆ ಉದ್ದ? ನಮ್ಮದು 57 ಅಡಿ. ಒಂದೂವರೆ ಬಿಎಂಟಿಸಿ ಬಸ್ಸು ಜೋಡಿಸಿ, ಎರಡೂ ಕಡೆಯಿಂದ ಹಿಸುಕಿ, ನೀರಿಗೆ ಬಿಟ್ಟ ಹಾಗೆ. ಉಕ್ಕಿನ ಮೈ, ತೂಕ ಸುಮಾರು 15 ಟನ್. ಒಳಗೆ ಅಡುಗೆಮನೆ, ಮಂಚ, ಕಕ್ಕಸು ಎಲ್ಲ ಇದೆ. ಓಡಿಸುವವನು ಮಾತ್ರ ಕಟ್ಟಕಡೆಗೆ, ಬಾಲದಲ್ಲಿ ನಿಂತಿರಬೇಕು. ಬೋಟಿನ ಮೂತಿ ಇನ್ಯಾರದೋ ಮನೆ ಹತ್ತಿರ ಇರುತ್ತೆ.

ಬೋಟು ಕೊಟ್ಟ ಹುಡುಗ ಅರ್ಧ ಗಂಟೆ ಪಾಠ ಮಾಡಿದ. ಸ್ಟೀರಿಂಗ್ ಇಲ್ಲ, ಟಿಲ್ಲರ್ ಅನ್ನುವ ಒಂದು ಹಿಡಿ ಇದೆ. ಅದನ್ನು ಎಡಕ್ಕೆ ತಳ್ಳಿದರೆ ಬೋಟು ಬಲಕ್ಕೆ ಹೋಗುತ್ತೆ. ಬ್ರೇಕ್ ಇಲ್ಲ, ನಿಲ್ಲಿಸಬೇಕಾದರೆ ರಿವರ್ಸ್ ಹಾಕಬೇಕು. ರಿವರ್ಸ್ ಹಾಕಿದರೆ ಬೋಟು ಹೇಳಿದ ಕಡೆ ತಿರುಗಲ್ಲ. ಇಷ್ಟು ಹೇಳಿ, "ಎಂಜಾಯ್" ಅಂತ ದಡಕ್ಕೆ ಹಾರಿದ. ಅವನು ಅಷ್ಟು ಬೇಗ ಯಾಕೆ ಇಳಿದ ಅಂತ ನಾನು ಆಮೇಲೆ ಯೋಚನೆ ಮಾಡಿದೆ.

ಮೊದಲ ತಿರುವು ಬಂತು. ಟಿಲ್ಲರ್ ತಳ್ಳಿದೆ. ಏನೂ ಆಗಲಿಲ್ಲ. ಇನ್ನೊಂದು ಸ್ವಲ್ಪ ತಳ್ಳಿದೆ. ಆಗಲೂ ಏನೂ ಇಲ್ಲ. ಗಾಬರಿಯಾಗಿ ಪೂರ್ತಿ ತಳ್ಳಿದೆ. ಕಚೇರಿಗೆ ಕೊಟ್ಟ ಮೂರು ಅರ್ಜಿಯೂ ಒಂದೇ ದಿನ ಮಂಜೂರಾದ ಹಾಗೆ, ಬೋಟು ಆಗ ಮೂರನ್ನೂ ಸೇರಿಸಿ ತಿರುಗಿತು. ಮೂತಿ ಹೋಗಿ ದಡದ ಪೊದೆಗೆ ಹೊಕ್ಕಿತು. ಮುಂದೆ ಕೂತಿದ್ದ ಮಗಳು ಎಲೆಗಳ ನಡುವಿನಿಂದ "ಅಪ್ಪಾ, ಇಲ್ಲಿ ಬ್ಲ್ಯಾಕ್‌ಬೆರಿ ಇದೆ" ಅಂದಳು.

ಹಿಂದೆ ನಿಂತು ಟೀ ಕುಡಿಯುತ್ತಿದ್ದ ಅಪ್ಪ ಕೇಳಿದ: "ಏನ್ಲಾ ಇದು, ಮೇವಿಗೆ ಬಿಟ್ಟಿದ್ದೀಯಾ?"

ಇದಕ್ಕಿಂತ ದೊಡ್ಡ ಪಾಠ ಎದುರು ಬೋಟು ಬಂದಾಗ ಆಯಿತು. ನಾನು ಹುಟ್ಟಿದಾಗಿನಿಂದ ಎಡಗಡೆ ಓಡಿಸಿದವನು. ಇಂಗ್ಲೆಂಡಿನ ರಸ್ತೆಯಲ್ಲೂ ಎಡವೇ. ನೀರಿನಲ್ಲಿ ಮಾತ್ರ ಬಲ. ಅಭ್ಯಾಸಬಲದಿಂದ ಎಡಕ್ಕೆ ಹೋದೆ. ಎದುರಿನ ಬೋಟಿನ ಅಜ್ಜ ಬಾಯಿಬಿಡದೆ ಬೆರಳಿನಲ್ಲಿ ಆ ಕಡೆ, ಆ ಕಡೆ ಅಂತ ತೋರಿಸಿದ. ನನಗೆ ಹೆದರಿಕೆಯಾಗಿ, ಹೆದರಿದ ಯಾವ ಮನುಷ್ಯನಾದರೂ ಮಾಡುವುದನ್ನೇ ಮಾಡಿದೆ. ಎಂಜಿನ್ ವೇಗ ಪೂರ್ತಿ ಇಳಿಸಿಬಿಟ್ಟೆ.

ಅದೇ ತಪ್ಪು. ಈ ಬೋಟಿನಲ್ಲಿ ಪ್ರೊಪೆಲ್ಲರ್ ಹಿಂದೆ ಚುಕ್ಕಾಣಿಯ ಹಲಗೆ ಇರುತ್ತೆ. ಪ್ರೊಪೆಲ್ಲರ್ ನೂಕಿದ ನೀರು ಆ ಹಲಗೆಗೆ ಬಡಿದರೇನೇ ಬೋಟು ತಿರುಗುವುದು. ನೀರು ನೂಕುವುದು ನಿಂತರೆ ಟಿಲ್ಲರ್ ಸುಮ್ನೆ ಕೈ ಇಟ್ಟುಕೊಳ್ಳೋಕೆ ಒಂದು ಕಂಬಿ ಅಷ್ಟೆ. ಅಂದರೆ ಹೆದರಿಕೆಯಾದಾಗ ವೇಗ ಸ್ವಲ್ಪ ಜಾಸ್ತಿ ಮಾಡಬೇಕು. ಇದನ್ನು ತಲೆ ಒಪ್ಪುತ್ತೆ, ಕೈ ಒಪ್ಪಲ್ಲ. ನಮ್ಮ 15 ಟನ್ ಚುಕ್ಕಾಣಿಯಿಲ್ಲದೆ ಅಜ್ಜನ ಬೋಟಿನ ಕಡೆ ತೇಲಿಕೊಂಡು ಹೋಗಿ, ಗುಡುಮ್ ಅಂತ ಪಕ್ಕೆಗೆ ತಾಗಿತು. ಒಳಗೆ ನಮ್ಮ ಉಪ್ಪಿನಕಾಯಿ ಬಾಟಲಿ ಉರುಳಿದ ಸದ್ದು ಕೇಳಿಸಿತು. ಅಜ್ಜ ಟೋಪಿ ಎತ್ತಿ, "ಲವ್ಲಿ ಡೇ" ಅಂದ. ಈ ದೇಶದಲ್ಲಿ ಬೈಯುವುದಕ್ಕೂ ಅದೇ ಮಾತು.

ಮಧ್ಯಾಹ್ನದ ಹೊತ್ತಿಗೆ ಒಂದು ಮಟ್ಟಕ್ಕೆ ನೇರ ಹೋಗುವುದನ್ನು ಕಲಿತೆ. ಹೆಂಡತಿ ನನಗಿಂತ ಬೇಗ ಕಲಿತಳು. ಅವಳು ಟಿಲ್ಲರ್ ಒಂದು ಚೂರು ತಳ್ಳಿ, ಬೋಟಿಗೆ ಅರ್ಥವಾಗುವ ತನಕ ಕಾಯುತ್ತಿದ್ದಳು. "ಹದಿನಾಲ್ಕು ವರ್ಷ ನಿಮ್ಮ ಜೊತೆ ಇದ್ದು ಅಭ್ಯಾಸ" ಅಂದಳು. ನಾನು ಲಾಕ್ ನೋಡುವ ನೆಪದಲ್ಲಿ ಮುಂದೆ ಹೋದೆ.

ಲಾಕ್‌ಗಳ ಬಗ್ಗೆ ಜಾಸ್ತಿ ಹೇಳಲ್ಲ. ನಮ್ಮ ದಾರಿಯಲ್ಲಿ ಇದ್ದಿದ್ದೇ ಎರಡು, ನ್ಯೂ ಮಾರ್ಟನ್ ಹತ್ತಿರ. ಕಬ್ಬಿಣದ ಹಿಡಿ ಸಿಕ್ಕಿಸಿ ತಿರುಗಿಸಿದರೆ ನೀರು ತುಂಬುತ್ತೆ, ಬೋಟು ಮೇಲೇರುತ್ತೆ. ಅಲ್ಲಿ ನನ್ನಿಂದ ಆದ ತಪ್ಪು ಒಂದೇ. ಲಾಕ್ ದಾಟಿದ ಮೇಲೆ ಬೋಟು ಕಟ್ಟಿಹಾಕೋಣ ಅಂತ ಹಗ್ಗ ಹಿಡಿದು ದಡಕ್ಕೆ ಇಳಿದೆ. ಗೇರ್ ನ್ಯೂಟ್ರಲ್‌ಗೆ ಹಾಕುವುದು ಮರೆತಿದ್ದೆ. ಹಗ್ಗದ ಈ ತುದಿ ನನ್ನ ಕೈಯಲ್ಲಿತ್ತು. ಆ ತುದಿಯನ್ನು ಬೋಟಿಗೆ ಕಟ್ಟಿಯೇ ಇರಲಿಲ್ಲ. ಹೆಂಡತಿ, ಮಗಳು ಇಬ್ಬರೂ ಹಿಂದೆ ಗೇಟು ಮುಚ್ಚುತ್ತಿದ್ದರು. ಅಪ್ಪ ಒಬ್ಬನೇ ಬೋಟಿನಲ್ಲಿ ಹೊರಟ. ಟಿಲ್ಲರ್ ಕಡೆ ತಿರುಗಿ ಕೂಡ ನೋಡದೆ, ಎತ್ತಿಗೆ ಹೇಳುವ ಹಾಗೆ "ಹೋ... ಹೋ... ಹೋ..." ಅಂತ ಹೇಳುತ್ತಾ ಹೋದ. ನಾನು ದಡದಲ್ಲಿ ಓಡಿ, ಓಡಿ ಅನ್ನುವುದಕ್ಕಿಂತ ಬಿರಬಿರನೆ ನಡೆದು, ಮುಂದಿನ ಸೇತುವೆ ಹತ್ತಿರ ಹತ್ತಿಕೊಂಡೆ. 4 ಮೈಲಿ ವೇಗದ ಒಂದು ಅನುಕೂಲ ಅದು.

ಎರಡನೆಯ ದಿನ ಬೆಳಿಗ್ಗೆ ಅಪ್ಪ ತನ್ನ ಪಂಚೆ ಒಗೆದು ಬೋಟಿನ ಮಾಡಿನ ಮೇಲೆ ಒಣಗಲು ಹರಡಿದ. ಮೇಲುಕೋಟೆಯಿಂದ ತಂದಿದ್ದು, ಕೆಂಪು ಅಂಚಿನದು. ಮೇಲೆ ಒಂದು ಕಲ್ಲಿಡಿ ಅಂದೆ. "ನಂಗೆ ಪಂಚೆ ಒಣಗಾಕೋದು ಹೇಳ್ಕೊಡ್ತೀಯಾ?" ಅಂದ.

ಅರ್ಧ ಗಂಟೆ ಬಿಟ್ಟು ಎಂಜಿನ್ ಸದ್ದು ಬದಲಾಯಿತು. ಹೊಟ್ಟೆ ಉಬ್ಬರಿಸಿದ ಹಸುವಿನ ಹಾಗೆ ನರಳಿತು. ಕಪ್ಪು ಹೊಗೆ ಬಂತು. ಬೋಟು ನಿಂತೇ ಹೋಯಿತು. ಮಾಡಿನ ಮೇಲೆ ನೋಡಿದರೆ ಪಂಚೆ ಇಲ್ಲ.

ಇಂಥ ಹೊತ್ತಿಗೆ ಅಂತಲೇ ಎಂಜಿನ್ ಹಿಂದೆ ಒಂದು ಕಿಂಡಿ ಇರುತ್ತೆ. ವೀಡ್ ಹ್ಯಾಚ್ ಅನ್ನುತ್ತಾರೆ. ಎಂಜಿನ್ ಆರಿಸಿ, ಬೀಗದ ಕೈ ಜೇಬಿಗೆ ಹಾಕಿಕೊಂಡು, ಹಲಗೆ ಎತ್ತಿ, ತಿರುಪು ಬಿಚ್ಚಿ, ಕಬ್ಬಿಣದ ಮುಚ್ಚಳ ತೆಗೆದೆ. ಕೆಳಗೆ ಕರೀ ನೀರು. ಹೊಟ್ಟೆ ಮೇಲೆ ಮಲಗಿ ಭುಜದ ತನಕ ಕೈ ಇಳಿಸಿದೆ. ಆಗಸ್ಟ್ ತಿಂಗಳು, ಆದರೂ ಬೆರಳು ಜುಮ್ ಅಂತು. ಪ್ರೊಪೆಲ್ಲರ್ ದಂಡಕ್ಕೆ ಏನೋ ಸುತ್ತಿಕೊಂಡಿತ್ತು. ಬಟ್ಟೆ ಅನ್ನಿಸಲಿಲ್ಲ, ಬಾವಿ ಹಗ್ಗದಷ್ಟು ಗಟ್ಟಿ. ಬ್ರೆಡ್ ಕೊಯ್ಯುವ ಚಾಕುವಿನಿಂದ ಕಣ್ಣಿಗೆ ಕಾಣದ್ದನ್ನು ಕೊಯ್ಯಲು ಶುರು ಮಾಡಿದೆ. ಹೆಂಡತಿ ಟಾರ್ಚ್ ಹಿಡಿದಿದ್ದಳು. ಮೊದಲು ಒಂದಿಷ್ಟು ನಾರು ಬಂತು. ಆಮೇಲೆ ಒಂದು ಗೇಣು. ಆಮೇಲೆ ಕೆಂಪು ಅಂಚು. ಒಂದೊಂದು ತುಂಡು ಮೇಲೆ ಬಂದಾಗಲೂ ಅಪ್ಪ ಅದನ್ನು ಇಸಿದುಕೊಂಡು, ಹಿಂಡಿ, ಮಡಿಸಿ ಪಕ್ಕಕ್ಕೆ ಇಡುತ್ತಿದ್ದ. ಹದಿನೇಳು ತುಂಡು. ಲೆಕ್ಕ ಇಟ್ಟವಳು ಮಗಳು. ದಡದಲ್ಲಿ ನಾಯಿ ಹಿಡಿದುಕೊಂಡ ನಾಲ್ಕು ಜನ ನಿಂತು ನೋಡಿದರು. ಕಾಲುವೆ ದಂಡೆಯಲ್ಲಿ ಸುಮ್ನೆ ನಿಂತು ಬೋಟು ನೋಡುವವರಿಗೆ ಇಲ್ಲಿ ಹೆಸರೇ ಇದೆ, ಗಾಂಗೂಸ್ಲರ್ ಅಂತ. ನಮ್ಮೂರ ಅರಳಿಕಟ್ಟೆ ತುಂಬಾ ಅವರೇ. ನಾವು ಹೆಸರಿಟ್ಟಿರಲಿಲ್ಲ ಅಷ್ಟೆ.

ಮುಚ್ಚಳವನ್ನು ಮೂರು ಸಲ ಬಿಗಿ ಮಾಡಿದೆ. ಅದು ಸಡಿಲ ಇದ್ದರೆ ಪ್ರೊಪೆಲ್ಲರೇ ನೀರನ್ನು ಒಳಗೆ ನುಗ್ಗಿಸಿ ಬೋಟನ್ನು ಮುಳುಗಿಸುತ್ತೆ.

ಪಂಚೆ ಹೋದ ದುಃಖದಲ್ಲಿ ಅಪ್ಪ ನೀರನ್ನೇ ನೋಡುತ್ತಾ ಕೂತ. ಒಂದು ಎಲೆ ಕಿತ್ತು ಬಿಟ್ಟ. ಅದು ಹಿಂದಕ್ಕೆ ಹೋಯಿತು. "ನೀರು ಹರೀತೈತೆ ಕಣ್ಲಾ. ಇದು ಎಷ್ಟು ಎಕರೆಗೆ ಹೋಯ್ತದೆ?"

ಎಕರೆಗೆ ಹೋಗಲ್ಲಪ್ಪ, ನಲ್ಲಿಗೆ ಹೋಗುತ್ತೆ ಅಂದೆ. ಇಲ್ಲಿನ ಎಷ್ಟೋ ಕಾಲುವೆಗಳಲ್ಲಿ ನೀರು ನಿಂತಿರುತ್ತೆ. ಇದರಲ್ಲಿ ಮಾತ್ರ ಲ್ಯಾಂಗೋಲೆನ್ ಮೇಲ್ಗಡೆ ಡೀ ನದಿಗೆ ಹಾಕಿರುವ ಒಡ್ಡಿನಿಂದ ಹೊರಟು, ಹರ್ಲ್‌ಸ್ಟನ್ ಅನ್ನುವ ಜಲಾಶಯದ ತನಕ ಹರಿಯುತ್ತೆ. 1944ರಲ್ಲಿ ಕಾನೂನು ಮಾಡಿ ಈ ಕಾಲುವೆಯನ್ನು ಬೋಟುಗಳ ಪಾಲಿಗೆ ಮುಚ್ಚಿದ್ದರು. ನೀರು ಬೇಕಾಗಿದ್ದರಿಂದ ಕಾಲುವೆ ಮಾತ್ರ ಉಳಿಯಿತು. ಅಪ್ಪನಿಗೆ ಇದು ಹಿಡಿಸಿತು. "ಅಂದ್ರೆ ಬೋಟು ಸುಮ್ಕೆ. ಅಸಲು ಕೆಲ್ಸ ನೀರಿಂದೇ." ನನಗೂ ಒಂದು ಸಮಾಧಾನ. ಹರಿವಿಗೆ ಎದುರಾಗಿ ಹೋಗುತ್ತಿದ್ದೆವು ತಾನೇ, ನಮ್ಮನ್ನು ಮಗು ತಳ್ಳುಗಾಡಿ ನೂಕಿಕೊಂಡು ಹೋಗುವ ತಾಯಂದಿರೂ ದಾಟಿ ಹೋಗಿದ್ದಕ್ಕೆ ಒಂದು ಕಾರಣ ಸಿಕ್ಕಿತು.

ಮೂರನೆಯ ದಿನ ಪಾಂಟ್‌ಕಸಲ್ಟೆ. ಕಾಲುವೆಯೇ ಸೇತುವೆ ಹತ್ತಿ ಕಣಿವೆ ದಾಟುವ ಜಾಗ. 1805ರಲ್ಲಿ ತೆರೆದಿದ್ದು, ಥಾಮಸ್ ಟೆಲ್‌ಫೋರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿಸಿದ್ದು. 307 ಮೀಟರ್ ಉದ್ದದ ಕಬ್ಬಿಣದ ತೊಟ್ಟಿ, ಕೆಳಗೆ 38 ಮೀಟರ್ ಆಳದಲ್ಲಿ ಡೀ ನದಿ. ಒಂದು ಪಕ್ಕ ನಡೆಯುವ ದಾರಿ, ಅದಕ್ಕೆ ಕಂಬಿ. ಇನ್ನೊಂದು ಪಕ್ಕ ಏನೂ ಇಲ್ಲ. ತೊಟ್ಟಿಯ ಅಂಚು ನೀರಿಗಿಂತ ಒಂದು ಗೇಣು ಮೇಲಿದೆ, ಅದರಾಚೆ ಬರೀ ಗಾಳಿ. ಎರಡು ದಿನ ನಾನು ಓಡಿಸಿದ್ದನ್ನು ನೋಡಿದ್ದ ಮಗಳು, "ನಾನು ನಡೆದುಕೊಂಡು ಬರ್ತೀನಿ" ಅಂತ ಇಳಿದುಬಿಟ್ಟಳು.

ತಮಾಷೆ ಅಂದರೆ, ಇಡೀ ಪ್ರಯಾಣದಲ್ಲಿ ನಾನು ತಪ್ಪೇ ಮಾಡದ ಜಾಗ ಅದೊಂದೇ. ಬೋಟಿಗೂ ತೊಟ್ಟಿಗೂ ನಡುವೆ ಕೈ ಆಡಿಸಲು ಜಾಗ ಇಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಪೊದೆ ಮೊದಲೇ ಇಲ್ಲ. ಗೋಡೆಗೆ ಮೈ ಉಜ್ಜಿಕೊಂಡು ಬೋಟು ತಾನೇ ಹೋಯಿತು. ಆದರೂ ನಾನು ಟಿಲ್ಲರನ್ನು ಬೆವರು ಬರುವ ಹಾಗೆ ಹಿಡಿದಿದ್ದೆ.

ಅಪ್ಪ ಮಾತ್ರ ಗಾಳಿ ಇರುವ ಪಕ್ಕದಲ್ಲೇ ನಿಂತು ಕೆಳಗೆ ಬಗ್ಗಿ ನೋಡಿದ. "ಈ ಕಲ್ಲಿನ ಕಂಬಕ್ಕೆ ಗಾರೆ ಏನು ಹಾಕವ್ರೆ?"

ಸುಣ್ಣಕ್ಕೆ ಎತ್ತಿನ ರಕ್ತ ಬೆರೆಸಿದ್ದರು ಅಂತ ಹೇಳುತ್ತಾರೆ ಅಂದೆ.

"ಶಿವ ಶಿವಾ. ನಮ್ಮ ಕನ್ನಂಬಾಡಿಗೆ ಸುರ್ಕಿ ಗಾರೆ ಸಾಕಾಯ್ತು. ಈ ಕಬ್ಬಿಣದ ಸಂದಿಗೆ?"

"ಫ್ಲಾನೆಲ್ ಬಟ್ಟೆ ತುರುಕಿದ್ದಾರಪ್ಪ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಂಗಾದ್ರೆ ಈ ನಾಲೆಗೆ ಮೊದ್ಲಿಂದ್ಲೂ ಬಟ್ಟೆ ಚಟ ಐತೆ" ಅಂದ.

ಐದನೆಯ ದಿನ ಬೋಟು ವಾಪಸ್ ಕೊಡುವಾಗ ರಿವರ್ಸಲ್ಲಿ ಒಳಗೆ ಹೋಗಬೇಕಿತ್ತು. ಅದನ್ನು ವಿವರಿಸಲ್ಲ. ಮೊದಲ ದಿನದ ಹುಡುಗ ದಡದಿಂದ ಹಾರಿ ಬಂದು, ನಗುತ್ತಾ ಟಿಲ್ಲರ್ ಇಸಿದುಕೊಂಡ ಅಂದರೆ ಸಾಕು. ನಾನು ಸಾಮಾನು ಇಳಿಸುವ ಹೊತ್ತಿಗೆ ಅಪ್ಪ ದಡದ ಬೆಂಚಿನ ಮೇಲೆ ಕೂತು ಚಿಕ್ಕಪ್ಪನಿಗೆ ಫೋನ್ ಹಚ್ಚಿದ್ದ.

"ಹೂಂ ಕಣೋ, ನಾಲೆ ಐತೆ. ನೀರೂ ಐತೆ. ಗದ್ದೆ ಒಂದಿಲ್ಲ. ಇವ್ನಾ? ಓಡಿಸ್ದ ಓಡಿಸ್ದ, ನೇಗಿಲು ಹೊಡೆಯೋ ಹಂಗೆ ಆ ದಡಕ್ಕೂ ಈ ದಡಕ್ಕೂ. ನೀನೊಂದು ಕೆಲ್ಸ ಮಾಡು, ಮೇಲುಕೋಟೆ ಕಡೆ ಹೋದ್ರೆ ಒಂದು ಪಂಚೆ ತಂದಿಡು. ಕೆಂಪಂಚಿಂದು. ಇದ್ದದ್ದಾ? ಇದೆ, ಹದಿನೇಳು ಇದೆ."