ಮೊದಲು ರಾಗ, ಆಮೇಲೆ ಶೂಟಿಂಗ್
ಸಿನಿಮಾ ಮುಗಿದ ಮೇಲೆ ಹಿನ್ನೆಲೆ ಸಂಗೀತ ಕೂರಿಸುತ್ತಾರೆ ಎಂದು ಬರೆದಿದ್ದೀರಿ. ಎಲ್ಲ ಸಲ ಹಾಗಲ್ಲ ಸರ್. 1968ರ ಕೌಬಾಯ್ ಸಿನಿಮಾ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ತಗೊಳ್ಳಿ. ಸಂಗೀತ ನಿರ್ದೇಶಕ ಎನ್ನಿಯೋ ಮೊರಿಕೋನೆ ಮುಖ್ಯ ರಾಗಗಳನ್ನು ಮೊದಲೇ ಮಾಡಿಕೊಟ್ಟಿದ್ದರು. ನಿರ್ದೇಶಕ ಸರ್ಜಿಯೋ ಲಿಯೋನೆ ಅವನ್ನು ಸೆಟ್‌ನಲ್ಲೇ ಹಾಕಿಸಿ ಶೂಟಿಂಗ್ ಮಾಡಿದರು. ರೈಲಿಳಿದ ನಾಯಕಿ ಜಿಲ್ ಸ್ಟೇಷನ್ ದಾಟುವಾಗ ಕ್ಯಾಮೆರಾ ಸೂರಿನ ಮೇಲೇರುತ್ತದೆ, ಜೊತೆಗೇ ಗಾಯಕಿ ಎಡ್ಡಾ ಡೆಲ್ಲೋರ್ಸೋ ದನಿಯೂ. ಮಾತೇ ಇಲ್ಲದ ಆಲಾಪ. ನನಗಂತೂ ಪ್ರತಿ ಸಲ ಕಣ್ಣು ತುಂಬುತ್ತದೆ.

ಆದರೆ ಸಿನಿಮಾದ ಶುರುವಿನಲ್ಲಿ, ಕೆಲವರು ರೈಲಿಗೆ ಕಾಯುವಾಗ, ಎಷ್ಟೋ ಹೊತ್ತು ಸಂಗೀತವೇ ಇಲ್ಲ! ಗಾಳಿಯಂತ್ರದ ಕಿರ್ ಕಿರ್, ಟೋಪಿ ಮೇಲೆ ತೊಟ್ಟಿಕ್ಕುವ ನೀರು, ಮುಖದ ಮೇಲೆ ಹರಿದಾಡುವ ನೊಣ, ಅಷ್ಟೇ. ರೈಲು ಹೊರಟ ಮೇಲೆ ಮೌತ್ ಆರ್ಗನ್ ಕೇಳುತ್ತದೆ. ಮೊದಲು ಆ ಮೌನ ಇಲ್ಲದಿದ್ದರೆ ಆ ದನಿ ಅಷ್ಟು ಚುಚ್ಚುತ್ತಿರಲಿಲ್ಲ, ಅಲ್ವಾ? ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ನೋಡಿ.