ಗಝಾಲಿ ಓದನ್ನೇ ಬಿಟ್ಟರಾ?

ಗುಲಾಬಿ ಹೂವಿನ ಚಿತ್ರದ ಜೊತೆ ಒಂದು ಫಾರ್ವರ್ಡ್ ಆಗಾಗ ಬರುತ್ತದೆ. ಇಸ್ಲಾಮಿನ ದೊಡ್ಡ ವಿದ್ವಾಂಸ ಇಮಾಮ್ ಗಝಾಲಿ ಓದು ವ್ಯರ್ಥ ಅಂತ ಬಿಟ್ಟು ಸೂಫಿಯಾದರು, ಇಸ್ಲಾಮಿನಲ್ಲಿ ಹೃದಯ ಒಂದಿದ್ದರೆ ಸಾಕು ಅನ್ನೋದು ಅದರ ಸಾರ. ಕಳಿಸುವವರ ಮನಸ್ಸು ಒಳ್ಳೆಯದೇ. ಮಾತು ಮಾತ್ರ ಅರ್ಧ ನಿಜ.

1095ರಲ್ಲಿ ಅವರು ಬಾಗ್ದಾದಿನ ನಿಜಾಮಿಯಾ ಮದ್ರಸಾದ ದೊಡ್ಡ ಹುದ್ದೆ ಬಿಟ್ಟು ಹೊರಟಿದ್ದು ಹೌದು. ಅದಕ್ಕೂ ಮೊದಲು ಪಾಠ ಮಾಡಲು ನಾಲಿಗೆಯೇ ಏಳುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ. ಆದರೆ ಆಮೇಲೆ ಬರೆದ ‘ಇಹ್ಯಾ ಉಲೂಮುದ್ದೀನ್’ ಅನ್ನೋ ಪುಸ್ತಕ ಶುರುವಾಗೋದೇ ಜ್ಞಾನದ ಅಧ್ಯಾಯದಿಂದ. 1106ರಲ್ಲಿ ಇರಾನಿನ ನಿಶಾಪುರದಲ್ಲಿ ಮತ್ತೆ ಪಾಠಕ್ಕೂ ನಿಂತರು. ಓದು ಬಿಟ್ಟವರು ಹೀಗೆ ಮಾಡ್ತಾರಾ?

ಅವರು ಹೇಳಿದ್ದು ಬೇರೆ. ಕಾಯಿಲೆ ಬಿದ್ದ ವೈದ್ಯನಿಗೆ ಆರೋಗ್ಯ ಅಂದರೇನು, ಮದ್ದು ಯಾವುದು, ಎಲ್ಲಾ ಗೊತ್ತು. ಆರೋಗ್ಯ ಮಾತ್ರ ಇಲ್ಲ. ತಿಳಿಯೋದಕ್ಕೂ ಅನುಭವಿಸೋದಕ್ಕೂ ಅಷ್ಟು ಅಂತರ. ಈ ಅನುಭವಕ್ಕೆ ಅವರು ಬಳಸಿದ ಪದ ‘ಝೌಕ್’, ಅಂದರೆ ರುಚಿ.

ಇಂಥ ಮೆಸೇಜು ಬಂದರೆ ಪುಸ್ತಕದ ಹೆಸರು, ಅಧ್ಯಾಯ ಇದೆಯಾ ನೋಡಿ. ಇಲ್ಲದಿದ್ದರೆ ಕಳಿಸಿದವರನ್ನೇ ಸುಮ್ನೆ ಕೇಳಿ. ಕುರ್‌ಆನಿನ ಮಾತಾದರೆ ಕನ್ನಡ ಅನುವಾದ ತೆರೆದರಾಯಿತು. 22ನೇ ಅಧ್ಯಾಯದ 46ನೇ ವಚನ ನೋಡಿ: ಅಲ್ಲಿ ಅರ್ಥ ಮಾಡಿಕೊಳ್ಳುವ ಕೆಲಸವೂ ಹೃದಯದ್ದೇ.